ನಾಲ್ಕು ಗಂಟೆಯ ಕೋಡುಬಳೆ: ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಪ್ರಿಯ ಓದುಗರೇ,

ನಿಮ್ಮ ಪತ್ರ ತಲುಪಿತು. ಇತರ ಓದುಗರಿಗಾಗಿ ಅದರ ಸಾರ ಹೀಗಿದೆ. ಬೆಂಗಳೂರಿನ ಆಫೀಸೊಂದರ ಐದನೇ ಮಹಡಿ. ಗೌರಿ ಹಬ್ಬ ಮುಗಿದ ವಾರ, ಸಂಜೆ ನಾಲ್ಕರ ಟೀ ಹೊತ್ತು. ಹೊಸದಾಗಿ ಸೇರಿದ ಸಹೋದ್ಯೋಗಿ ಸ್ಟೀಲ್ ಡಬ್ಬಿಯ ಮುಚ್ಚಳ ತೆಗೆದಿದ್ದಾರೆ, ಒಳಗೆ ಕೆಂಪು ಕೋಡುಬಳೆ. ಬಾಯಿಗೆ ಹಾಕುವುದಕ್ಕೆ ಮೊದಲೇ, ವಾಸನೆಗೇ ನಿಮಗೆ ತಿಪಟೂರಿನ ಕಡೆಯ ಅಜ್ಜಿ ಮನೆಯ ನಡುಮನೆ ಕಣ್ಣಿಗೆ ಕಟ್ಟಿದೆ. ಅತ್ತೆಯರು, ಮಕ್ಕಳು ಸುತ್ತ ಕೂತು ಹಿಟ್ಟು ಹೊಸೆಯುತ್ತಿದ್ದುದು, ನೈವೇದ್ಯ ಆಗುವ ತನಕ ಮುಟ್ಟಬಾರದೆಂದು ಬೈಸಿಕೊಳ್ಳುತ್ತಿದ್ದುದು, ಬೆರಳಿಗೆ ಉಂಗುರದ ಹಾಗೆ ಹಾಕಿಕೊಂಡು ತಿಂದದ್ದು, ಎಲ್ಲ ನೆನಪಾಗಿದೆ. ಆಮೇಲೆ ನೀವು ಒಬ್ಬರೇ ಫ್ಲಾಟಿನಲ್ಲಿ ಎರಡು ಭಾನುವಾರ ಪ್ರಯತ್ನಿಸಿದ್ದೀರಿ. ಮೊದಲ ಸಲ ಅರ್ಧಕ್ಕರ್ಧ ಎಣ್ಣೆಯಲ್ಲೇ ಸಿಡಿದು ಮುಂಗೈ ಸುಟ್ಟುಕೊಂಡಿರಿ. ಎರಡನೇ ಸಲ ಹೆದರಿ ಹಿಟ್ಟಿಗೆ ನೀರು ಹೆಚ್ಚು ಹಾಕಿದಿರಿ, ಉರಿ ಜೋರಾಗಿಟ್ಟು "ಮೂರೇ ನಿಮಿಷಕ್ಕೆ ಕೆಂಪಗಾದವು" ಅಂತ ತೆಗೆದಿರಿ. ಸೋಮವಾರ ಆಫೀಸಿನಲ್ಲಿ ಡಬ್ಬಿ ತೆರೆದರೆ ರಬ್ಬರು. "ಅಜ್ಜಿಯ ಕೈಗುಣ ಅಜ್ಜಿಯ ಜೊತೆಗೇ ಹೋಯಿತು, ಅಲ್ಲವೇ?" ಎಂದು ಮುಗಿಸಿದ್ದೀರಿ.

ಅಲ್ಲ. ಕೈಗುಣದ ಮಾತನ್ನು ನಾವು ಅಷ್ಟು ಸುಲಭಕ್ಕೆ ಒಪ್ಪುವವರಲ್ಲ. ನೀವು ಬರೆದಿರುವ ಪ್ರತಿಯೊಂದು ತೊಂದರೆಗೂ ಕಾರಣ ಇದೆ. ಅದಕ್ಕಿಂತ ಮುಖ್ಯವಾಗಿ, ನೀವು ನೆನಪು ಅಂದುಕೊಂಡಿರುವುದರಲ್ಲಿ ಅರ್ಧ ಪಾಕವಿಧಾನವೇ ಇದೆ.

ಮೊದಲು ಸುಟ್ಟ ಗಾಯದ ವಿಷಯ. ಟೂತ್‌ಪೇಸ್ಟ್ ಹಚ್ಚಿದೆ ಅಂದಿದ್ದೀರಿ. ಇನ್ನೊಮ್ಮೆ ಹಾಗೆ ಮಾಡಬೇಡಿ. ಅರಿಸಿನ, ಶಾಯಿ, ಬೆಣ್ಣೆಯೂ ಬೇಡ. ನಲ್ಲಿಯ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಕೈ ಹಿಡಿಯಿರಿ, ಐಸ್ ಇಡಬೇಡಿ. ದೊಡ್ಡ ಬೊಕ್ಕೆ ಎದ್ದರೆ ಡಾಕ್ಟರ ಹತ್ತಿರ ಹೋಗಿ.

ಇನ್ನು ವಾಸನೆ. ಕಣ್ಣು, ಕಿವಿ, ಚರ್ಮದಿಂದ ಬರುವ ಸುದ್ದಿ ಮೆದುಳಿನ ಥಲಾಮಸ್ ಎಂಬ ಜಂಕ್ಷನ್ನಿನಲ್ಲಿ ಬಂಡಿ ಬದಲಿಸಿ ಮುಂದೆ ಹೋಗುತ್ತದೆ. ವಾಸನೆ ಮಾತ್ರ ಆ ಜಂಕ್ಷನ್ನಿಗೆ ಕಾಯದೆ, ಭಾವನೆ ಮತ್ತು ನೆನಪಿಗೆ ಸಂಬಂಧಪಟ್ಟ ಭಾಗಗಳನ್ನು ಹತ್ತಿರದ ದಾರಿಯಲ್ಲೇ ಮುಟ್ಟುತ್ತದೆ. ವಾಸನೆ ಎಬ್ಬಿಸುವ ನೆನಪುಗಳಲ್ಲಿ ಹತ್ತು ವರ್ಷದೊಳಗಿನವೇ ಹೆಚ್ಚು. ನಿಮ್ಮ ವಿಷಯದಲ್ಲಿ ಇನ್ನೊಂದು ಸಂಗತಿಯೂ ಸೇರಿದೆ. ನೈವೇದ್ಯಕ್ಕೆ ಮೊದಲು ತಿನ್ನುವ ಹಾಗಿಲ್ಲ, ಬೆಳಗಿನಿಂದ ವಾಸನೆ ಮಾತ್ರ ಕುಡಿಯಬೇಕು. ಹಸಿದ ಹೊಟ್ಟೆಯಲ್ಲಿ ಗಂಟೆಗಟ್ಟಲೆ ಮೂಸಿದ್ದು ಮರೆಯುವುದಿಲ್ಲ. ಮೇಲೆ ಆಫೀಸಿನ ಎ.ಸಿ. ಒಳಗಿನ ಗಾಳಿಯನ್ನೇ ತಿರುಗಿಸಿ ಬಿಡುವುದರಿಂದ, ಒಂದು ಡಬ್ಬಿ ಕೋಡುಬಳೆ ಇಡೀ ಮಹಡಿಗೆ ಸಾಕು.

ಹಾಗಾದರೆ ನಿಮ್ಮ ಫ್ಲಾಟಿನಲ್ಲಿ ಆ ವಾಸನೆ ಏಕೆ ಬರಲಿಲ್ಲ? ನೀವು ಬಳಸಿದ್ದು ರಿಫೈನ್ಡ್ ಸೂರ್ಯಕಾಂತಿ ಎಣ್ಣೆ. ರಿಫೈನ್ ಮಾಡುವ ಕೊನೆಯ ಹಂತದಲ್ಲಿ ಎಣ್ಣೆಯನ್ನು ನಿರ್ವಾತದಲ್ಲಿ 200 ಡಿಗ್ರಿಗೂ ಮೇಲೆ ಕಾಯಿಸಿ, ಆವಿ ಹಾಯಿಸಿ, ಅದರ ವಾಸನೆಯನ್ನು ಬೇಕೆಂದೇ ತೆಗೆದುಹಾಕುತ್ತಾರೆ. ಅಜ್ಜಿ ಕಾಲದ್ದು ಬಹುಶಃ ಗಾಣದ ಕಡಲೆಕಾಯಿ ಎಣ್ಣೆ. ಈಗಲೂ ಗಾಣದ ಎಣ್ಣೆ ಸಿಗುತ್ತದೆ, ಬೆಲೆ ಜಾಸ್ತಿ. ತಳದಲ್ಲಿ ಗಷ್ಟು ನಿಂತಿರುತ್ತದೆ, ಅಲುಗಾಡಿಸದೆ ಮೇಲಿನದನ್ನು ಬಗ್ಗಿಸಿಕೊಳ್ಳಿ, ಇಲ್ಲದಿದ್ದರೆ ಗಷ್ಟು ಸೀದು ಎಣ್ಣೆ ಕಪ್ಪಾಗುತ್ತದೆ. ಪೂರ್ತಿ ಗಾಣದ್ದೇ ಬೇಕೆಂದಿಲ್ಲ. ಅರ್ಧಕ್ಕರ್ಧ ಬೆರೆಸಿದರೂ ವಾಸನೆ ಬರುತ್ತದೆ.

ಇಂಗಿನದೂ ಇದೇ ಕಥೆ. ಅಂಗಡಿಯಲ್ಲಿ ಸಿಗುವ ಪುಡಿ ಇಂಗಿನಲ್ಲಿ ಇಂಗಿಗಿಂತ ಗೋಂದು ಮತ್ತು ಹಿಟ್ಟೇ ಹೆಚ್ಚು, ಡಬ್ಬಿಯ ಮೇಲೆ ಬರೆದೇ ಇರುತ್ತದೆ, ಓದಿ ನೋಡಿ. ಗಟ್ಟಿ ಇಂಗು ತನ್ನಿ. ಕಡಲೆಕಾಳಿನಷ್ಟು ತುಂಡನ್ನು ಎರಡು ಚಮಚ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಬೆರಳಿನಿಂದ ಕಿವುಚಿ, ಆ ನೀರನ್ನು ಹಿಟ್ಟಿಗೆ ಹಾಕಿ. ನೀರಾಗಿ ಹೋದರೆ ಎಲ್ಲ ಕೋಡುಬಳೆಗೂ ಸಮನಾಗಿ ಹಂಚಿಕೆಯಾಗುತ್ತದೆ. ಪುಡಿಯಾಗಿ ಹೋದರೆ ಒಂದರಲ್ಲಿ ಘಾಟು, ಇನ್ನೊಂದರಲ್ಲಿ ಏನೂ ಇಲ್ಲ.

ಮೆಣಸಿನಕಾಯಿ ಬ್ಯಾಡಗಿಯದೇ ಆಗಬೇಕು. ಅದು ನೆರಿಗೆ ನೆರಿಗೆಯಾಗಿರುತ್ತದೆ, ಬಣ್ಣ ಜಾಸ್ತಿ, ಖಾರ ಕಡಿಮೆ. ಗುಂಟೂರು ಹಾಕಿದರೆ ಅದೇ ಬಣ್ಣ ಬರುವಷ್ಟು ಹಾಕುವ ಹೊತ್ತಿಗೆ ತಿನ್ನುವವರು ನೀರಿನ ಬಾಟಲಿ ಹುಡುಕುತ್ತಾರೆ. ಕೊಬ್ಬರಿಯ ವಿಷಯದಲ್ಲಿ ತಿಪಟೂರಿನವರಿಗೆ ನಾವು ಹೇಳಬೇಕಾದದ್ದಿಲ್ಲ. ಆದರೆ ನೀವು ಹಸಿ ಕಾಯಿ ಹಾಕಿದ್ದೀರಿ. ಹಸಿ ಕಾಯಿಯದು ರುಚಿಯೇ, ನಾಲ್ಕು ದಿನದೊಳಗೆ ಮುಗಿಸುವುದಾದರೆ. ಅದರಲ್ಲಿ ಅರ್ಧದಷ್ಟು ನೀರೇ ಇರುವುದರಿಂದ ಹಿಟ್ಟಿನ ನೀರಿನ ಲೆಕ್ಕ ತಪ್ಪುತ್ತದೆ, ಸರಿಯಾಗಿ ಬೇಯದಿದ್ದರೆ ಬೇಗ ಮುಗ್ಗಲು ವಾಸನೆ ಬರುತ್ತದೆ. ಡಬ್ಬಿಯಲ್ಲಿಟ್ಟು ಎರಡು ವಾರ ತಿನ್ನಬೇಕೆಂದರೆ ಒಣಕೊಬ್ಬರಿ.

ಈಗ ಅಳತೆ. ನಿಮ್ಮ ತಾಯಿ ಫೋನಿನಲ್ಲಿ ಹೇಳಿದ್ದನ್ನು ನೀವು ಹಾಗೇ ಬರೆದಿದ್ದೀರಿ: "ಒಂದು ಪಾವು ಹಿಟ್ಟಿಗೆ ಒಂದು ಚಟಾಕು ರವೆ, ಹಿಡಿ ಹುರಿಗಡಲೆ, ಕಣ್ಣಳತೆ ಕೊಬ್ಬರಿ, ಎಣ್ಣೆ ಚೆನ್ನಾಗಿ ಕಾಯಿಸಿ ಸುರಿ." ಇದನ್ನು ಅಳತೆಯೇ ಅಲ್ಲ ಎಂದು ನೀವು ಬದಿಗಿಟ್ಟು ಮೊಬೈಲಿನಲ್ಲಿ ನೋಡಿದ ಕಪ್ ಲೆಕ್ಕ ಹಿಡಿದಿರಿ. ತಾಯಿಯ ಲೆಕ್ಕವೇ ಸರಿ ಇತ್ತು. ಮೈಸೂರು ಸೀಮೆಯಲ್ಲಿ ನಾಲ್ಕು ಪಾವು ಒಂದು ಸೇರು, ಪಾವಿನ ಕಾಲು ಭಾಗ ಚಟಾಕು. 1956ರಲ್ಲಿ ಮೆಟ್ರಿಕ್ ಅಳತೆಯ ಕಾಯಿದೆ ಬಂದು ಅಂಗಡಿಗಳಿಂದ ಪಾವು, ಸೇರು ಹೋದರೂ ಅಡುಗೆಮನೆಯ ಹಿತ್ತಾಳೆ ಪಾವು ಹೋಗಲಿಲ್ಲ. ಅಂದರೆ ತಾಯಿ ಹೇಳಿದ್ದು ಒಂದಕ್ಕೆ ಕಾಲು ಎಂಬ ಪ್ರಮಾಣ, ಪಾತ್ರೆ ಯಾವುದಾದರೂ ಆಗುತ್ತದೆ. ತೊಂದರೆ ಬರುವುದು ತುಂಬುವ ರೀತಿಯಲ್ಲಿ. ಸುಮಾರು ಕಾಲು ಲೀಟರ್ ಹಿಡಿಯುವ ಪಾವಿಗೆ ಅಕ್ಕಿ ಹಿಟ್ಟನ್ನು ಸಡಿಲವಾಗಿ ಸುರಿದು ತಲೆ ಸವರಿದರೆ 130 ಗ್ರಾಂ, ಕುಟ್ಟಿ ಕುಟ್ಟಿ ತುಂಬಿದರೆ 160. ಅಲ್ಲೇ 30 ಗ್ರಾಂ ವ್ಯತ್ಯಾಸ ಬಂತು. ಅಜ್ಜಿ ಪ್ರತಿ ಹಬ್ಬಕ್ಕೂ ಅದೇ ಪಾವನ್ನು ಅದೇ ರೀತಿ ತುಂಬುತ್ತಿದ್ದರು, ಅದಕ್ಕೇ ಕಣ್ಣಳತೆ ತಪ್ಪುತ್ತಿರಲಿಲ್ಲ. ನಿಮಗೆ ಆ ಅಭ್ಯಾಸ ಇಲ್ಲ. ತಕ್ಕಡಿ ಇಟ್ಟುಕೊಳ್ಳಿ.

ಅಕ್ಕಿ ಹಿಟ್ಟು 250 ಗ್ರಾಂ, ಚಿರೋಟಿ ರವೆ 60, ಮೈದಾ 50, ಹುರಿಗಡಲೆ 50, ಒಣಕೊಬ್ಬರಿ ತುರಿ 40 ಗ್ರಾಂ. ಬ್ಯಾಡಗಿ ಮೆಣಸಿನಕಾಯಿ ಹತ್ತರಿಂದ ಹನ್ನೆರಡು. ಪುಡಿ ಉಪ್ಪು ಎಂಟು ಗ್ರಾಂ, ಅಂದರೆ ಟೀ ಚಮಚದಲ್ಲಿ ಒಂದೂವರೆಗೆ ಒಂಚೂರು ಕಡಿಮೆ. ಕಾಯಿಸಿ ಸುರಿಯಲು ಎಣ್ಣೆ 45 ಮಿಲಿ. ನೀರು ಹೆಚ್ಚೆಂದರೆ 220 ಮಿಲಿ, ಇಂಗಿನ ನೀರೂ ಇದರಲ್ಲೇ ಸೇರಿತು. ಇದಕ್ಕೆ ಅರವತ್ತೈದರಿಂದ ಎಪ್ಪತ್ತು ಕೋಡುಬಳೆ ಆಗುತ್ತವೆ.

ಯಾವುದು ಏಕೆ ಅಂತ ತಿಳಿದರೆ ತಪ್ಪು ಹಿಡಿಯುವುದು ಸುಲಭ. ಅಕ್ಕಿ ಹಿಟ್ಟಿಗೆ ಜಿಗಿ ಇಲ್ಲ, ಅದೊಂದೇ ಆದರೆ ಹೊಸೆಯುವಾಗಲೇ ಬಿರಿಯುತ್ತದೆ. ಮೈದಾ ಅದನ್ನು ಹಿಡಿದಿಡುತ್ತದೆ, ಹೆಚ್ಚಾದರೆ ಕೋಡುಬಳೆ ಗಟ್ಟಿ. ರವೆ ಗರಿಗರಿ ಕೊಡುತ್ತದೆ, ಆದರೆ ನೀರು ಕುಡಿಯಲು ಹತ್ತು ನಿಮಿಷ ಬೇಕು. ಹುರಿಗಡಲೆ ಹಗುರ ಮಾಡುತ್ತದೆ. ಕಾದ ಎಣ್ಣೆ ಹಿಟ್ಟಿನ ಕಣಗಳಿಗೆ ಅಂಟಿಕೊಂಡು ಅವು ಒಂದಕ್ಕೊಂದು ಗಾರೆಯ ಹಾಗೆ ಬಿಗಿದುಕೊಳ್ಳದಂತೆ ತಡೆಯುತ್ತದೆ. ಎಣ್ಣೆ ಕಡಿಮೆಯಾದರೆ ಕಲ್ಲು, ಹೆಚ್ಚಾದರೆ ಬಾಣಲೆಯಲ್ಲೇ ಪುಡಿಪುಡಿ. ಇದಕ್ಕೊಂದು ಹಳೆಯ ಪರೀಕ್ಷೆ ಇದೆ. ಎಣ್ಣೆ ಸುರಿದು ತಿಕ್ಕಿದ ಒಣ ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದು ಬಿಗಿಯಾಗಿ ಅದುಮಿ. ಮುಷ್ಟಿ ತೆರೆದಾಗ ಉಂಡೆ ನಿಲ್ಲಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ನಿಲ್ಲದೇ ಇದ್ದರೆ ಇನ್ನೊಂದು ಚಮಚ ಕಾಯಿಸಿ ಹಾಕಿ.

ಮೆಣಸಿನಕಾಯಿ, ಕೊಬ್ಬರಿ, ಉಪ್ಪನ್ನು ನೀರು ಹಾಕದೆ ಮಿಕ್ಸಿಯಲ್ಲಿ ತಿರುವಿ. ಕೊಬ್ಬರಿ ಎಣ್ಣೆ ಬಿಡುವ ಮೊದಲೇ ನಿಲ್ಲಿಸಿ. ಹುರಿಗಡಲೆಯನ್ನು ಬೇರೆಯಾಗಿ ನುಣ್ಣಗೆ ಪುಡಿ ಮಾಡಿ. ಆಮೇಲೆ ಜರಡಿ ಹಿಡಿಯಬೇಕು, ಇದನ್ನು ಮಾತ್ರ ಬಿಡಬೇಡಿ. ನಿಮ್ಮ ಮೊದಲ ಭಾನುವಾರದ ಸಿಡಿತಕ್ಕೆ ಒಂದು ಕಾರಣ ಇಲ್ಲೇ ಇದೆ. "ಅಲ್ಲಲ್ಲಿ ಕಡಲೆ ಸಿಕ್ಕಿದರೆ ಚೆನ್ನ ಅಂತ ತರಿತರಿ ಇಟ್ಟೆ" ಎಂದು ಬರೆದಿದ್ದೀರಿ. ಆ ತರಿಯ ಸುತ್ತ ಸಣ್ಣ ಟೊಳ್ಳು ಉಳಿಯುತ್ತದೆ. ಟೊಳ್ಳಿನಲ್ಲಿ ಸೇರಿದ ನೀರು ಬಿಸಿಗೆ ಆವಿಯಾಗುತ್ತದೆ, ಅಷ್ಟರಲ್ಲಿ ಹೊರಗಿನ ಪದರ ಬೆಂದು ಗಟ್ಟಿಯಾಗಿರುತ್ತದೆ. ಆವಿಗೆ ದಾರಿ ಇಲ್ಲ. ಪಟಾಕಿ ಸಿಡಿಯುವುದೂ ಹೀಗೆಯೇ.

ಆದರೆ ದೊಡ್ಡ ಕಾರಣ ಬೇರೆ. ನೀವು ಪೂರ್ತಿ ಹಿಟ್ಟನ್ನು ಒಂದೇ ಸಲ ಕಲಸಿ, ಅರವತ್ತನ್ನೂ ಹೊಸೆದು ತಟ್ಟೆಯಲ್ಲಿ ಜೋಡಿಸಿಟ್ಟು, ಆಮೇಲೆ ಒಲೆ ಹಚ್ಚಿದ್ದೀರಿ. ಲೆಕ್ಕ ಹಾಕೋಣ. ಅಭ್ಯಾಸ ಇಲ್ಲದ ಕೈಗೆ ಒಂದು ಹೊಸೆಯಲು 40 ಸೆಕೆಂಡ್ ಅಂದರೂ ಅರವತ್ತೈದಕ್ಕೆ ಮುಕ್ಕಾಲು ಗಂಟೆ. ಬಾಣಲೆಗೆ ಸಲಕ್ಕೆ ಹನ್ನೆರಡು, ಒಂದೊಂದು ಸಲಕ್ಕೆ ಎಂಟು ನಿಮಿಷ, ಆರು ಸಲಕ್ಕೆ ಸುಮಾರು 50 ನಿಮಿಷ. ಕೆಲವು ಕೋಡುಬಳೆ ಒಂದು ಗಂಟೆಗೂ ಹೆಚ್ಚು ಫ್ಯಾನಿನ ಕೆಳಗೆ ಕೂತಿದ್ದವು. ಮೇಲೆ ಒಣಗಿ ಚಕ್ಕೆ ಕಟ್ಟಿತು, ಒಳಗೆ ಹಸಿ. ಚಕ್ಕೆಯಲ್ಲಿ ಕೂದಲೆಳೆ ಬಿರುಕು ಬಿಟ್ಟದ್ದು ಎಣ್ಣೆಯಲ್ಲಿ ಮುರಿಯಿತು, ಬಿಡದೇ ಗಟ್ಟಿ ಮುಚ್ಚಿಕೊಂಡದ್ದು ಸಿಡಿಯಿತು.

ಈಗ ನಿಮ್ಮ ಅಜ್ಜಿಯ ನಡುಮನೆಗೆ ವಾಪಸು ಹೋಗಿ. ಅತ್ತೆ, ಚಿಕ್ಕಮ್ಮ, ಮಕ್ಕಳೆಲ್ಲ ಸುತ್ತ ಕೂತದ್ದು ಏಕೆ? ಹಬ್ಬದ ಸಡಗರ ಇರಬಹುದು. ಆದರೆ ಕಲಸಿದ ಅಕ್ಕಿ ಹಿಟ್ಟು ಕಾಯುವುದಿಲ್ಲ. ಕಲಸಿಕೊಡಲು ಒಬ್ಬರು, ಹೊಸೆಯಲು ಮೂರು ಜನ, ಬಾಣಲೆಯ ಮುಂದೆ ಒಬ್ಬರು ಇದ್ದರೆ, ಹೊಸೆದದ್ದು ಹತ್ತು ನಿಮಿಷದೊಳಗೆ ಎಣ್ಣೆಗೆ ಬೀಳುತ್ತದೆ. ಮಕ್ಕಳನ್ನು ಕೂರಿಸಿದ್ದು ಮುದ್ದಿಗಲ್ಲ ಸ್ವಾಮೀ, ಕೈ ಸಾಲದೆ. ಮಕ್ಕಳ ಬೆರಳು ಸಣ್ಣ, ಹೊಸೆದದ್ದೂ ಸಣ್ಣ. ನಿಮ್ಮವು "ವಕ್ರವಕ್ರ" ಆಗುತ್ತಿದ್ದವು, ಅತ್ತೆ ಅವನ್ನು ಕೊನೆಯ ಬಾಣಲೆಗೆ ಹಾಕುತ್ತಿದ್ದರು ಅಂದಿದ್ದೀರಲ್ಲ, ಅದೂ ಲೆಕ್ಕಾಚಾರವೇ. ದಪ್ಪ ಒಂದೇ ಇದ್ದವು ಒಟ್ಟಿಗೆ ಬೇಯಬೇಕು, ದಪ್ಪ ತೆಳ್ಳಗೆ ಬೆರೆತರೆ ಒಂದು ಸೀದು ಇನ್ನೊಂದು ಹಸಿ.

ನೀವು ಒಬ್ಬರೇ ಆದ್ದರಿಂದ ಹೀಗೆ ಮಾಡಿ. ಎಣ್ಣೆ ತಿಕ್ಕಿದ ಒಣ ಮಿಶ್ರಣ ಎಷ್ಟು ಹೊತ್ತಾದರೂ ಕೆಡುವುದಿಲ್ಲ. ಅದನ್ನು ನಾಲ್ಕು ಪಾಲು ಮಾಡಿ, ಇಂಗಿನ ನೀರನ್ನೂ ಉಳಿದ ನೀರಿಗೆ ಬೆರೆಸಿಟ್ಟುಕೊಳ್ಳಿ. ಒಂದು ಪಾಲಿಗೆ ಮೊದಲು 45 ಮಿಲಿ, ಆಮೇಲೆ ಚಮಚ ಚಮಚವಾಗಿ, ಒಟ್ಟು 55 ಮಿಲಿ ದಾಟದಂತೆ. ಚಪಾತಿ ಹಿಟ್ಟಿಗಿಂತ ಗಟ್ಟಿ ಇರಬೇಕು, ಅದುಮಿದರೆ ಅಂಚು ಬಿರಿಯಬಾರದು. ಒದ್ದೆ ಬಟ್ಟೆ ಮುಚ್ಚಿ ಹತ್ತು ನಿಮಿಷ ಬಿಡಿ, ರವೆ ನೀರು ಕುಡಿಯಲಿ. ಬಿಟ್ಟ ಮೇಲೆ ಗಟ್ಟಿ ಅನ್ನಿಸಿದರೆ ಕೈ ಒದ್ದೆ ಮಾಡಿಕೊಂಡು ಒಂದು ನಿಮಿಷ ನಾದಿ. ಮೊದಲ ಪಾಲು ಬೇಯುವಾಗ ಎರಡನೆಯದನ್ನು ಕಲಸಿ ಮುಚ್ಚಿಡಿ.

ಗೋಟಡಿಕೆಯಷ್ಟು ಹಿಟ್ಟು ತೆಗೆದುಕೊಂಡು ಅಂಗೈಯಲ್ಲಿ ಉರುಟು ಮಾಡಿ, ಮಣೆಯ ಮೇಲೆ ಬೆರಳುಗಳಿಂದ ಹೊಸೆಯಿರಿ. ಮಣೆಗೆ ಒಣ ಹಿಟ್ಟು ಉದುರಿಸಬೇಡಿ, ಅದು ಎಣ್ಣೆಯ ತಳ ಸೇರಿ ಸೀಯುತ್ತದೆ. ಕಿರುಬೆರಳಿಗಿಂತ ತುಸು ತೆಳ್ಳಗೆ, ಅಂದರೆ ಒಂದು ಸೆಂಟಿಮೀಟರ್ ಒಳಗೆ, ಉದ್ದ 12 ಸೆಂಟಿಮೀಟರ್. ಎರಡು ತುದಿಯನ್ನೂ ಮೊನಚು ಮಾಡಿ ಒಂದರ ಮೇಲೊಂದು ಇಟ್ಟು ಒತ್ತಿ. ತುದಿ ಮೊಂಡಾಗಿ ಬಿಟ್ಟರೆ ಕೂಡಿಸಿದ ಜಾಗ ಎರಡು ಪಟ್ಟು ದಪ್ಪವಾಗುತ್ತದೆ. ಉಳಿದದ್ದೆಲ್ಲ ಬೆಂದರೂ ಅಲ್ಲಿ ಹಸಿ ಉಳಿದು, ಮರುದಿನ ಆ ಹಸಿಯೇ ಇಡೀ ಬಳೆಗೆ ಹರಡಿ ಮೆತ್ತಗಾಗುತ್ತದೆ. ಮೆತ್ತಗಾದ ಕೋಡುಬಳೆಯನ್ನು ಮುರಿದು ನೋಡಿ, ಮೊದಲು ಮೆತ್ತಗಾಗುವುದು ಆ ಕೀಲೇ.

ಬಾಣಲೆ ಆಳವಾಗಿರಲಿ, ಎಣ್ಣೆ ಅರ್ಧಕ್ಕಿಂತ ಹೆಚ್ಚು ಬೇಡ, ಪಕ್ಕದಲ್ಲಿ ಅದಕ್ಕೊಪ್ಪುವ ಮುಚ್ಚಳ ಇರಲಿ. ಎಣ್ಣೆ 160 ಡಿಗ್ರಿಯ ಆಸುಪಾಸು. ಥರ್ಮಾಮೀಟರ್ ಇಲ್ಲದಿದ್ದರೆ ಮೆಣಸಿನಕಾಳಿನಷ್ಟು ಹಿಟ್ಟು ಹಾಕಿ. ತಳಕ್ಕೆ ಮುಳುಗಿ ಮೂರೋ ನಾಲ್ಕೋ ಎಣಿಸುವಷ್ಟರಲ್ಲಿ ಮೆಲ್ಲಗೆ ಮೇಲೆ ಬಂದರೆ ಸರಿ. ಹಾಕಿದ ಕೂಡಲೇ ಚಿಮ್ಮಿ ಬಂದರೆ ಜಾಸ್ತಿ ಕಾದಿದೆ. ಮೊದಲು ಒಂದೇ ಒಂದನ್ನು ಕರಿದು ನೋಡಿ. ಬಾಣಲೆ ತುಂಬ ಹಾಕಿದ ಮೇಲೆ ತಪ್ಪು ತಿಳಿದರೆ ಹನ್ನೆರಡೂ ಹೋದವು. ಸಿಡಿದರೆ ಹಿಂದೆ ಸರಿದು ಮೊದಲು ಒಲೆ ಆರಿಸಿ, ಆಮೇಲೆ ಉಳಿದದ್ದು.

ಬಣ್ಣ ನೋಡಿ ತೆಗೆಯಬೇಡಿ, ನಿಮ್ಮ ಎರಡನೇ ಭಾನುವಾರ ಕೆಟ್ಟದ್ದು ಇದರಿಂದಲೇ. ಚಕ್ಕುಲಿ ಬಿಳಿಯಿಂದ ಹೊಂಬಣ್ಣಕ್ಕೆ ತಿರುಗುತ್ತದೆ, ಕಣ್ಣಿಗೆ ಗೊತ್ತಾಗುತ್ತದೆ. ಕೋಡುಬಳೆ ಹಸಿಯಿರುವಾಗಲೇ ಕೆಂಪು. ಮೂರು ನಿಮಿಷಕ್ಕೂ ಕೆಂಪು, ಎಂಟು ನಿಮಿಷಕ್ಕೂ ಕೆಂಪು. ಇದಕ್ಕೆ ಕಿವಿ ಬೇಕು. ಹಾಕಿದಾಗ ಜೋರಾದ ಸೊರಸೊರ, ದೊಡ್ಡ ಗುಳ್ಳೆ. ಒಂದು ನಿಮಿಷ ಮುಟ್ಟಬೇಡಿ, ಮೆತ್ತಗಿರುವಾಗ ಸೌಟು ತಾಗಿದರೆ ಮುರಿಯುತ್ತದೆ. ಆಮೇಲೆ ಮಗುಚಿ, ಉರಿ ಮಧ್ಯಮಕ್ಕಿಂತ ಕಡಿಮೆ. ಐದನೇ ನಿಮಿಷದ ಹೊತ್ತಿಗೆ ಗುಳ್ಳೆ ಸಣ್ಣದಾಗುತ್ತದೆ, ಸದ್ದು ಪಿಸುಮಾತಿಗೆ ಇಳಿಯುತ್ತದೆ. ಏಳೆಂಟು ನಿಮಿಷಕ್ಕೆ ಸದ್ದು ಹೆಚ್ಚುಕಮ್ಮಿ ನಿಲ್ಲುತ್ತದೆ. ಆ ಸದ್ದು ಹಿಟ್ಟಿನಲ್ಲಿರುವ ನೀರು ಆವಿಯಾಗಿ ಹೊರಬರುವ ಸದ್ದು. ಅದು ನಿಂತಿತು ಅಂದರೆ ನೀರು ಮುಗಿಯಿತು. ಜಾಲರಿ ಸೌಟಿನಲ್ಲಿ ಎತ್ತಿ ಅಲುಗಿಸಿದರೆ ಒಂದಕ್ಕೊಂದು ತಾಗಿ ಗಾಜಿನ ಬಳೆಯ ಹಾಗೆ ಗಲಗಲ ಅನ್ನಬೇಕು. ಮಂದ ಸದ್ದು ಬಂದರೆ ಇನ್ನೊಂದು ನಿಮಿಷ. ಅಜ್ಜಿ ಬಾಣಲೆಯ ಕಡೆ ನೋಡದೆ ಮಾತಾಡುತ್ತಲೇ ಸರಿಯಾದ ಹೊತ್ತಿಗೆ ತೆಗೆಯುತ್ತಿದ್ದರು ಎಂದು ಬೆರಗಾಗಿದ್ದೀರಿ. ಅವರು ನೋಡಬೇಕಾದ್ದೇನೂ ಇರಲಿಲ್ಲ.

"ನಮ್ಮ ಕಡೆ ಕೋಡಬಳಿ ಹಿಂಗಲ್ಲ" ಎಂದು ಧಾರವಾಡದ ಕಡೆಯ ಸಹೋದ್ಯೋಗಿ ವಾದ ತೆಗೆದರಂತೆ. ತೆಗೆಯಲಿ. ಕರಾವಳಿಯಲ್ಲಿ ಮಜ್ಜಿಗೆ ಕುದಿಸಿ ಅದರಲ್ಲಿ ಅಕ್ಕಿ ಹಿಟ್ಟು ಬೇಯಿಸಿ ಮಾಡುವ ಮಜ್ಜಿಗೆ ಕೋಡುಬಳೆ ಇದೆ. ಅದು ಒಳಗೆ ಮೆತ್ತಗೇ ಇರಬೇಕು, ಬಿಸಿಯಾಗಿಯೇ ತಿನ್ನಬೇಕು, ಆಫೀಸಿನ ಡಬ್ಬಿಗೆ ಆಗದು. ನಿಮ್ಮದು ಹಳೇ ಮೈಸೂರಿನ ಖಾರದ ಕೋಡುಬಳೆ. ಯಾವುದು ಅಸಲಿ ಎಂಬ ಜಗಳಕ್ಕೆ ಟೀ ಹೊತ್ತು ಸಾಲುವುದಿಲ್ಲ.

ಡಬ್ಬಿಗೆ ತುಂಬುವುದು. ಬಿಸಿ ಇರುವಾಗ ಮುಚ್ಚಿದರೆ ಮುಚ್ಚಳದ ಒಳಗೆ ಹನಿ ಕಟ್ಟಿ ಅದೇ ನೀರು ಕೆಳಗಿಳಿಯುತ್ತದೆ. ತಟ್ಟೆಯಲ್ಲಿ ಒಂದೇ ಪದರ ಹರಡಿ ಒಂದೂವರೆ ಗಂಟೆ ಆರಲಿ, ಫ್ಯಾನ್ ಈಗ ಹಾಕಬಹುದು. ಮಳೆಗಾಲದ ದಿನ ಅದಕ್ಕಿಂತ ಹೆಚ್ಚು ಹೊತ್ತು ತೆರೆದಿಡಬೇಡಿ, ಗಾಳಿಯ ತೇವ ಹೀರುತ್ತದೆ. ಅಜ್ಜಿ ಡಬ್ಬಿಯ ತಳಕ್ಕೆ ನ್ಯೂಸ್ ಪೇಪರ್ ಹಾಕುತ್ತಿದ್ದರು ಅಂತ ನೀವೂ ಹಾಕಿದ್ದೀರಿ, ಇದೊಂದು ಪರಂಪರೆ ಬಿಡಿ. ಅಚ್ಚಿನ ಶಾಯಿ ಎಣ್ಣೆಗೆ ಇಳಿಯುತ್ತದೆ. ತಿಂಡಿಗೆ ಪತ್ರಿಕೆಯ ಹಾಳೆ ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲೇ ಹೇಳಿದೆ. ಪತ್ರಿಕೆ ಮಾರಿ ಬದುಕುವ ನಾವೇ ಹೇಳುತ್ತಿದ್ದೇವೆ, ನಂಬಿ. ಒಗೆದ ಹತ್ತಿ ಬಟ್ಟೆ ಅಥವಾ ಅಚ್ಚಿಲ್ಲದ ಬಿಳಿ ಟಿಶ್ಯೂ ಸಾಕು.

ಸೋಮವಾರದ ಆ ರಬ್ಬರು ಇನ್ನೂ ಉಳಿದಿದೆ, ಎಸೆಯಲು ಮನಸ್ಸು ಬರುತ್ತಿಲ್ಲ ಎಂದಿದ್ದೀರಿ. ಹಸಿ ಕಾಯಿ ಹಾಕಿದ್ದರಿಂದ ಮೊದಲು ಮೂಸಿ ನೋಡಿ. ಮುಗ್ಗಲು, ಅಂಟು ಇದ್ದರೆ ಎಸೆಯಲೇಬೇಕು, ನಮ್ಮ ಪತ್ರ ನಿಮ್ಮ ಕೈ ಸೇರುವ ಹೊತ್ತಿಗೆ ಬಹುಶಃ ಆಗಿರುತ್ತದೆ. ಮುಂದೆ ಎಂದಾದರೂ ಹೀಗಾದರೆ ಮರುದಿನವೇ 130 ಡಿಗ್ರಿಯ ಓವನ್ನಿನಲ್ಲಿ ಹನ್ನೆರಡು ನಿಮಿಷ ಇಟ್ಟು ತಣಿಸಿ, ಮುಕ್ಕಾಲು ಪಾಲು ಸರಿಹೋಗುತ್ತದೆ.

ಕೊನೆಯದಾಗಿ, ನಿಮ್ಮ ಆಫೀಸಿನ ಐದನೇ ಮಹಡಿಯಲ್ಲಿ ನಾಲ್ಕು ಗಂಟೆಗೆ ಎಂಟು ಜನ ಸೇರುತ್ತಾರೆ ಎಂದು ಬರೆದಿದ್ದೀರಿ. ಅವರಲ್ಲಿ ಮೂವರನ್ನು ಮುಂದಿನ ಭಾನುವಾರ ಮನೆಗೆ ಕರೆಯಿರಿ. ಆಗ ಕಲಸಲು, ಹೊಸೆಯಲು, ಕರಿಯಲು ಬೇರೆ ಬೇರೆ ಕೈ ಸಿಗುತ್ತವೆ. ಬಾಣಲೆ ಮಾತ್ರ ಒಂದೇ, ಆದ್ದರಿಂದ ಹಿಟ್ಟನ್ನು ಆಗಲೂ ಪಾಲು ಪಾಲಾಗಿಯೇ ಕಲಸಿ. ಧಾರವಾಡದವರನ್ನು ಬಾಣಲೆಯಿಂದ ದೂರ, ಹೊಸೆಯುವ ಮಣೆಯ ಹತ್ತಿರ ಕೂರಿಸಿ.

— ಸಂಪಾದಕ